ಮಕ್ಕಳಿರುವ ಮನೆಗೆ ಯಾವ ತಳಿಯ ನಾಯಿ?

ಮಕ್ಕಳಿರುವ ಮನೆಗೆ ನಾಯಿ ತರುವಾಗ ಮೊದಲು ನೋಡಬೇಕಾದದ್ದು ಊರಿನ ಹವೆ. ತಳಿಯ ಹೆಸರು, ಬಣ್ಣ, ಬೆಲೆ ಎಲ್ಲವೂ ಆಮೇಲಿನ ಮಾತು. ವಾರಾಣಸಿಯ ಕಂಟೋನ್ಮೆಂಟ್ ಪ್ರದೇಶವನ್ನೇ ತೆಗೆದುಕೊಳ್ಳಬಹುದು. ಅಗಲವಾದ ರಸ್ತೆಗಳು, ಮರಗಳ ನೆರಳು, ಅಂಗಳವಿರುವ ಹಳೆಯ ಬಂಗಲೆಗಳು, ಗೂರ್ಖಾ ರೆಜಿಮೆಂಟಿನ ತರಬೇತಿ ಕೇಂದ್ರ ಇರುವ ಈ ಭಾಗ, ಇಕ್ಕಟ್ಟಿನ ಗಲ್ಲಿಗಳ ಹಳೆಯ ಕಾಶಿಗೆ ಹೋಲಿಸಿದರೆ ನಾಯಿ ಸಾಕುವುದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಮೇ, ಜೂನ್ ತಿಂಗಳಲ್ಲಿ ಅಲ್ಲಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕೆಲವು ದಿನ 45ರ ಹತ್ತಿರಕ್ಕೂ ಹೋಗುತ್ತದೆ. ಮಧ್ಯಾಹ್ನ ‘ಲೂ’ ಎಂಬ ಬಿಸಿಗಾಳಿ ಬೀಸುತ್ತದೆ. ಮಳೆಗಾಲ ಪೂರ್ತಿ ಸೆಕೆ, ಜನವರಿಯಲ್ಲಿ ದಟ್ಟ ಮಂಜು ಮತ್ತು ಕೊರೆವ ಚಳಿ. ಬ್ಯಾಂಕು, ರೈಲ್ವೆ, ಸೇನೆಯ ಕೆಲಸದಲ್ಲಿ ವರ್ಗವಾಗಿ ಅಲ್ಲಿಗೆ ಹೋಗುವ ಕನ್ನಡದ ಕುಟುಂಬಗಳು ಬೆಂಗಳೂರು, ಮೈಸೂರಿನ ಹವೆಗೆ ಹೊಂದಿಕೊಂಡ ನಾಯಿಯನ್ನು ಜೊತೆಗೆ ಒಯ್ಯುವ ಮೊದಲು ಇದನ್ನು ಯೋಚಿಸಲೇಬೇಕು.

ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಹೊರಚಾಚಿ ಏದುಸಿರು ಬಿಡುವಾಗ ಬಾಯಿ, ಮೂಗು, ಗಂಟಲಿನ ತೇವ ಆರಿ, ಅದರಿಂದಲೇ ಮೈ ತಂಪಾಗಬೇಕು. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಈ ಉಪಾಯವೂ ಅಷ್ಟಾಗಿ ಫಲಿಸುವುದಿಲ್ಲ. ಚಪ್ಪಟೆ ಮುಖದ ಪಗ್, ಬುಲ್‌ಡಾಗ್, ಶಿಟ್ಸುಗಳಿಗೆ ಉಸಿರಾಟದ ದಾರಿಯೇ ಇಕ್ಕಟ್ಟಾದ್ದರಿಂದ ಬೇಸಿಗೆ ಅವುಗಳಿಗೆ ಪ್ರಾಣಕ್ಕೆ ಕುತ್ತು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆ ಹಿಂದೆಯೇ ನಡೆದ ಪಗ್ ದೇಶದ ಮಕ್ಕಳ ಮನಸ್ಸು ಗೆದ್ದಿತು. ಮನೆಮನೆಗೆ ಪಗ್ ಬಂತು. ಪಗ್ ನಿಜಕ್ಕೂ ಮಕ್ಕಳನ್ನು ಸಹಿಸಿಕೊಳ್ಳುವ, ಕಚ್ಚುವ ಗೋಜಿಗೆ ಸುಲಭವಾಗಿ ಹೋಗದ ನಾಯಿ. ಆದರೆ ಹನ್ನೆರಡು ತಿಂಗಳೂ ಗೊರಗೊರ ಸದ್ದು ಮಾಡುತ್ತಾ ಉಸಿರಿಗಾಗಿ ಹೆಣಗುವ ಪ್ರಾಣಿಯನ್ನು ಬಿಸಿಲಿನ ಊರಿಗೆ ತರುವುದು ಅದಕ್ಕೆ ಮಾಡುವ ಅನ್ಯಾಯ. ಹಿಮಪ್ರದೇಶದ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳ ವಿಷಯವಂತೂ ಚರ್ಚೆಗೇ ಯೋಗ್ಯವಲ್ಲ. ದಿನವಿಡೀ ಏಸಿ ಹಾಕಿ ಕೂರಿಸಿದ ಹಸ್ಕಿಗೆ ಓಡಾಟವಿರುವುದಿಲ್ಲ. ಓಡಾಟವಿಲ್ಲದ ಹಸ್ಕಿ ಮಕ್ಕಳ ಜೊತೆಗೆ ಶಾಂತವಾಗಿಯೂ ಇರುವುದಿಲ್ಲ.

ಎರಡನೆಯ ವಿಷಯ ಸ್ವಭಾವ. ಹೆಚ್ಚಿನವರು ತಪ್ಪುವುದು ಇಲ್ಲೇ. ಈ ತಳಿ ಸಾಧು, ಆ ತಳಿ ಒರಟು ಎಂದು ಪಟ್ಟಿ ಮಾಡುವುದು ರೂಢಿ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 18 ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಮಾಲೀಕರಿಂದ ಉತ್ತರ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಪರೀಕ್ಷಿಸಿತು. ಒಂದು ನಾಯಿಗೂ ಇನ್ನೊಂದು ನಾಯಿಗೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ ಎಂದು ಗೊತ್ತಾಯಿತು. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪ್ರಭಾವ ಸ್ವಲ್ಪ ಹೆಚ್ಚು. ಬೇಗ ಕೆರಳುವ ಗುಣದಲ್ಲಿ ತೀರಾ ಕಡಿಮೆ. ಅಂದರೆ ತಳಿ ನೋಡಿ ನಾಯಿಯ ಗಾತ್ರ, ಕೂದಲು, ಚಟುವಟಿಕೆ, ಬರಬಹುದಾದ ಕಾಯಿಲೆಗಳನ್ನು ಊಹಿಸಬಹುದು. ಮಗು ಬಾಲ ಎಳೆದಾಗ ಅದು ಏನು ಮಾಡೀತು ಎಂಬುದನ್ನು ಊಹಿಸಲಾಗದು. ಅದು ಆ ಒಂದು ನಾಯಿಯ ಹುಟ್ಟುಗುಣಕ್ಕೂ ಬೆಳೆದ ಬಗೆಗೂ ಬಿಟ್ಟದ್ದು.

ಹಾಗೆಂದು ಗಾತ್ರ, ಬಲ ಲೆಕ್ಕಕ್ಕಿಲ್ಲ ಎಂದಲ್ಲ. ಸಣ್ಣ ನಾಯಿ ಕಚ್ಚಿದರೆ ಗಾಯ, ಬಲಿಷ್ಠ ದವಡೆಯ ನಾಯಿ ಕಚ್ಚಿದರೆ ಅನಾಹುತ. 2022ರ ಜುಲೈನಲ್ಲಿ ಲಖನೌದಲ್ಲಿ ಸಾಕಿದ ಪಿಟ್‌ಬುಲ್ ಮನೆಯ ಹಿರಿಯ ಮಹಿಳೆಯನ್ನೇ ಕೊಂದ ಬಳಿಕ ಉತ್ತರ ಪ್ರದೇಶದ ಗಾಜಿಯಾಬಾದ್, ಕಾನ್ಪುರ ನಗರಗಳು ಪಿಟ್‌ಬುಲ್, ರಾಟ್‌ವೀಲರ್ ಸಾಕುವುದರ ಮೇಲೆ ನಿಷೇಧ ಹೇರಿದವು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಕಾನೂನು ಯಾವ ಕಡೆ ವಾಲಿದರೂ, ಕಾವಲಿಗೆ ಮತ್ತು ಕಾದಾಟಕ್ಕೆಂದು ಬೆಳೆಸಿದ ತಳಿ ಪುಟ್ಟ ಮಕ್ಕಳ ಮನೆಗೆ ಬೇಡ. ಕಂಟೋನ್ಮೆಂಟ್ ಪ್ರದೇಶಗಳಲ್ಲಿ ನಾಯಿಗಳ ನೋಂದಣಿ, ನಿಯಂತ್ರಣದ ಅಧಿಕಾರ ಕಂಟೋನ್ಮೆಂಟ್ ಮಂಡಳಿಯದು. ನಾಯಿ ತರುವ ಮೊದಲೇ ಅಲ್ಲಿನ ಕಚೇರಿಯಲ್ಲಿ ವಿಚಾರಿಸಿಕೊಂಡರೆ ಮುಂದಿನ ತಲೆನೋವು ತಪ್ಪುತ್ತದೆ.

ಮಕ್ಕಳ ಮನೆಗೆ ಎಂದಾಕ್ಷಣ ಬಾಯಿಗೆ ಬರುವ ಹೆಸರು ಲ್ಯಾಬ್ರಡಾರ್. 2022ರಲ್ಲಿ ತೆರೆಕಂಡ ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ ಆ ಹೆಸರನ್ನು ಇನ್ನಷ್ಟು ಆಪ್ತವಾಗಿಸಿತು. ರಕ್ತಸಂಬಂಧದೊಳಗೇ ಮರಿ ಹಾಕಿಸುವ ದಂಧೆ ನಾಯಿಗಳನ್ನು ಹೇಗೆ ರೋಗಕ್ಕೆ ದೂಡುತ್ತದೆ ಎಂಬುದನ್ನೂ ಅದೇ ಸಿನಿಮಾ ಹೇಳಿತು. ಆ ಭಾಗವನ್ನು ಜನ ಬೇಗ ಮರೆತದ್ದು ಬೇಸರದ ಸಂಗತಿ. ಲ್ಯಾಬ್ ಸ್ನೇಹಮಯಿ, ಕಲಿಸಿದ್ದನ್ನು ಬೇಗ ಕಲಿಯುತ್ತದೆ, ಆಟಕ್ಕೆ ಸದಾ ಸಿದ್ಧ. ಬೆಳೆದ ಗಂಡು ಸುಮಾರು 30 ಕೆ.ಜಿ. ತೂಗುತ್ತದೆ. ಆಗತಾನೇ ನಡೆಯಲು ಕಲಿತ ಮಗುವನ್ನು ಅದು ಪ್ರೀತಿಯಿಂದಲೇ ಬೀಳಿಸುತ್ತದೆ. ಊಟದ ತಟ್ಟೆಯನ್ನು ಬಾಲದಿಂದಲೇ ನೆಲಕ್ಕೆ ಕೆಡವುತ್ತದೆ. ಮೊದಲ ಎರಡು ವರ್ಷ ಅದರ ಉತ್ಸಾಹಕ್ಕೆ ಕಡಿವಾಣವಿಲ್ಲ. ಜೊತೆಗೆ ಹೊಟ್ಟೆಬಾಕತನ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಹಸಿವು ತಣಿಯದಂತೆ ಮಾಡುವ ಜೀನ್ ದೋಷವಿದೆ ಎಂದು ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಮಕ್ಕಳು ಮೇಜಿನಡಿಯಿಂದ ದಾಟಿಸುವ ಬಿಸ್ಕತ್ತು, ಚಪಾತಿ ಚೂರುಗಳು ಸೇರಿ ಬೊಜ್ಜು ಬೆಳೆದರೆ ಸೊಂಟದ ಕೀಲು ಸವೆಯುತ್ತದೆ. ವಾರಾಣಸಿಯಂಥ ಊರಿನಲ್ಲಿ ಲ್ಯಾಬ್ ಸಾಕಲು ಸಾಧ್ಯವಿದೆ; ಆದರೆ ಬೆಳಗಿನ ಆರಕ್ಕೆ ಮುನ್ನ ಮತ್ತು ಸೂರ್ಯ ಮುಳುಗಿದ ಮೇಲೆ ವಾಕಿಂಗ್, ಹಗಲು ಕೂಲರಿನ ಮುಂದೆ ತಂಪು ನೆಲ, ಇಷ್ಟಾದರೂ ಬೇಕು. ಗೋಲ್ಡನ್ ರಿಟ್ರೀವರ್‌ಗೂ ಇದೇ ಮಾತು ಅನ್ವಯಿಸುತ್ತದೆ; ಉದ್ದ ಕೂದಲಿನಿಂದಾಗಿ ಚರ್ಮದ ಕಾಟ ಮಾತ್ರ ಹೆಚ್ಚು.

ಬೀಗಲ್ ಗಾತ್ರದಲ್ಲಿ ಮಕ್ಕಳಿಗೆ ಒಪ್ಪುತ್ತದೆ, ಆದರೆ ಮೂಗು ಕರೆದಲ್ಲಿಗೆ ಓಡುತ್ತದೆ, ಊಳಿಡುತ್ತದೆ. ಡ್ಯಾಷ್‌ಹಂಡ್‌ನ ಉದ್ದ ಬೆನ್ನು ಮಕ್ಕಳು ಎತ್ತಿ ಇಳಿಸುವ ಆಟಕ್ಕೆ ತಾಳದು. ಹಳೆಯ ತಲೆಮಾರಿನ ಮನೆಗಳಲ್ಲಿ ‘ಪಮೇರಿಯನ್’ ಎಂದು ಕರೆಯುತ್ತಿದ್ದ ಬಿಳಿಯ ನಾಯಿ ಬಹುತೇಕ ಇಂಡಿಯನ್ ಸ್ಪಿಟ್ಜ್. ದಟ್ಟ ಕೂದಲಿದ್ದರೂ ತಲೆಮಾರುಗಳಿಂದ ನಮ್ಮ ಹವೆಗೆ ಒಗ್ಗಿದೆ, ಖರ್ಚು ಕಡಿಮೆ, ಆಯುಸ್ಸು ಹೆಚ್ಚು. ಸಣ್ಣ ಸದ್ದಿಗೂ ಬೊಗಳುತ್ತದೆ. ಮೈಮೇಲೆ ಬಿದ್ದು ಹಿಂಡುವ ಮಕ್ಕಳ ಮೇಲೆ ಗುರ್ರೆನ್ನುತ್ತದೆ. ಏಳೆಂಟು ವರ್ಷ ದಾಟಿದ ಮಕ್ಕಳ ಮನೆಗೆ ಒಳ್ಳೆಯ ಆಯ್ಕೆ.

ಕನ್ನಡನಾಡಿನ ಹೆಮ್ಮೆಯ ಮುಧೋಳ ನಾಯಿಯ ಬಗ್ಗೆ ನೇರವಾಗಿ ಹೇಳಬೇಕಾದದ್ದಿದೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಅದರ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ, ಭಾರತೀಯ ಸೇನೆಯೂ ಇದಕ್ಕೆ ತರಬೇತಿ ಕೊಟ್ಟು ನೋಡಿದೆ. ಬಿಸಿಲು ಇದಕ್ಕೆ ಲೆಕ್ಕಕ್ಕಿಲ್ಲ. ಆದರೆ ಇದು ಕಣ್ಣಿಗೆ ಕಂಡ ಬೇಟೆಯ ಹಿಂದೆ ಬಯಲಿನಲ್ಲಿ ಓಡಲು ಹುಟ್ಟಿದ ನಾಯಿ. ಅಪರಿಚಿತರು ಮುಟ್ಟಿದರೆ ಇಷ್ಟಪಡದು. ಹೊಲ, ತೋಟವಿರುವ ಮನೆಯಲ್ಲಿ ದೊಡ್ಡ ಮಕ್ಕಳ ಜೊತೆ ಚೆನ್ನಾಗಿ ಬೆಳೆಯುತ್ತದೆ. ಫ್ಲ್ಯಾಟಿನಲ್ಲಿ ಮೂರು ವರ್ಷದ ಮಗುವಿನ ಆಟಿಕೆಯಾಗಿ ಅಲ್ಲ.

ಇನ್ನು ಊರಿನ ನಾಯಿ. ಕಾಲಭೈರವನ ವಾಹನವೆಂದು ಕಾಶಿಯಲ್ಲಿ ಅದಕ್ಕೆ ಗೌರವವಿದೆ. ಆದರೂ ಮನೆಯೊಳಗೆ ತಂದು ಸಾಕುವವರು ಕಡಿಮೆ. 2023ರಲ್ಲಿ ವಾರಾಣಸಿಯ ಮೋತಿ, ಜಯಾ ಎಂಬ ಎರಡು ಬೀದಿನಾಯಿಗಳನ್ನು ದತ್ತು ಪಡೆದವರು ಇಟಲಿ ಮತ್ತು ನೆದರ್ಲೆಂಡ್ಸ್‌ನವರು. ಸಾವಿರಾರು ವರ್ಷ ಇದೇ ಹವೆಯಲ್ಲಿ ಬದುಕುಳಿದ ಈ ನಾಯಿಗೆ ಗಿಡ್ಡ ಕೂದಲು, ಹದವಾದ ಗಾತ್ರ, ಉದ್ದನೆಯ ಮೂತಿ ಇವೆ. ವಂಶದೊಳಗಿನ ಕೂಡಿಕೆಯಿಂದ ಬರುವ ಕಾಯಿಲೆಗಳು ಕಡಿಮೆ. ಚೆನ್ನಾಗಿ ಪಳಗಿಸಿದ ಊರನಾಯಿ ಮಕ್ಕಳಿಗೆ ಯಾವ ಲ್ಯಾಬ್‌ಗೂ ಕಡಿಮೆಯಿಲ್ಲದ ಗೆಳೆಯ.

ಯಾವ ತಳಿಯಾದರೂ ಮರಿಯ ಆಯ್ಕೆಯಲ್ಲಿ ಅವಸರ ಸಲ್ಲ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವರು ನೋಂದಾಯಿಸಿಕೊಂಡಿರಬೇಕು. ತಾಯಿನಾಯಿಯನ್ನು ತೋರಿಸಲು ಹಿಂದೇಟು ಹಾಕುವವರ ಹತ್ತಿರ ಮರಿ ಕೊಳ್ಳಬಾರದು. ತಾಯಿ ಹೆದರುಪುಕ್ಕಲಾಗಿದ್ದರೆ ಮರಿಯೂ ಹಾಗಾಗುವ ಸಂಭವ ಹೆಚ್ಚು. ಮರಿಗಳ ನಡುವೆ ನೆಲದಲ್ಲಿ ಸ್ವಲ್ಪ ಹೊತ್ತು ಕೂತು, ಬೀಗದ ಕೈ ಗೊಂಚಲನ್ನು ಪಕ್ಕದಲ್ಲಿ ಬೀಳಿಸಿದರೆ ಒಂದು ಮರಿ ಮೂಲೆ ಸೇರುತ್ತದೆ, ಒಂದು ಬೊಗಳುತ್ತದೆ, ಒಂದು ಬೆಚ್ಚಿ ಹಿಂದೆ ಸರಿದು ಮರುಕ್ಷಣವೇ ಬಂದು ಗೊಂಚಲನ್ನು ಮೂಸುತ್ತದೆ. ಮಕ್ಕಳ ಗದ್ದಲದ ಮನೆಗೆ ಮೂರನೆಯದೇ ಸರಿ. ಮೂರರಿಂದ ಹದಿನಾಲ್ಕು ವಾರಗಳ ನಡುವೆ ಮಕ್ಕಳು, ಕುಕ್ಕರ್ ಸೀಟಿ, ಸ್ಕೂಟರ್, ಪಟಾಕಿ ಸದ್ದು ಎಲ್ಲದರ ಪರಿಚಯವಾದ ಮರಿ ಮುಂದೆ ಅಂಜುವುದು ಕಡಿಮೆ.

ಮಕ್ಕಳಿಗೂ ಪಾಠ ಬೇಕು. ಮಗು ಕುತ್ತಿಗೆಗೆ ತೋಳು ಹಾಕಿ ಅಪ್ಪಿದಾಗ ನಾಯಿ ಮುಖ ಆ ಕಡೆ ತಿರುಗಿಸಿ, ತುಟಿ ನೆಕ್ಕಿ, ಕಣ್ಣಿನ ಬಿಳಿ ತೋರಿಸಿ, ಮೈ ಬಿಗಿ ಮಾಡಿ ನಿಂತಿದ್ದರೆ ಅದಕ್ಕೆ ಸಾಕಾಗಿದೆ ಎಂದರ್ಥ. ಮುದ್ದಾಗಿದೆ ಎಂದು ಫೋಟೊ ತೆಗೆಯುತ್ತಾ ನಿಲ್ಲುವ ಬದಲು ದೊಡ್ಡವರು ಆ ಕ್ಷಣವೇ ಮಗುವನ್ನು ಬಿಡಿಸಬೇಕು. ಮಕ್ಕಳನ್ನು ಕಚ್ಚುವುದು ಬೀದಿನಾಯಿ ಮಾತ್ರವಲ್ಲ, ಮನೆಯ ಅಥವಾ ಪರಿಚಯದ ನಾಯಿಯೂ ಕಚ್ಚಬಹುದು. ಪುಟ್ಟ ಮಕ್ಕಳಿಗೆ ಗಾಯ ಹೆಚ್ಚಾಗಿ ಮುಖಕ್ಕೇ ಆಗುತ್ತದೆ. ನಾಯಿ ಉಣ್ಣುವಾಗ, ಮಲಗಿದಾಗ ಮುಟ್ಟಬಾರದು. ಆರು ವರ್ಷದೊಳಗಿನ ಮಗುವನ್ನು ಯಾವ ನಾಯಿಯ ಜೊತೆಗೂ ಒಂಟಿಯಾಗಿ ಬಿಡಬಾರದು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಬಳಿಕ ಪಶುವೈದ್ಯರು ಹೇಳಿದಂತೆ ಬೂಸ್ಟರ್, ಕಾಲಕಾಲಕ್ಕೆ ಜಂತುಹುಳದ ಔಷಧಿ ತಪ್ಪಕೂಡದು. ಯಾವ ನಾಯಿ ಕಚ್ಚಿದರೂ, ಪರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಗು ಇನ್ನೂ ಐದು ದಾಟಿರದಿದ್ದರೆ, ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗುವವರಾಗಿದ್ದರೆ, ಮರಿಯ ಆಸೆ ಬಿಟ್ಟು ಎರಡು ಮೂರು ವರ್ಷ ತುಂಬಿದ, ಮಕ್ಕಳ ನಡುವೆಯೇ ಬೆಳೆದ, ಸ್ವಭಾವ ಗೊತ್ತಿರುವ ನಾಯಿಯನ್ನು ದತ್ತು ತರುವುದೇ ವಾಸಿ. ಅದು ಯಾವ ತಳಿಯದಾದರೂ ಸರಿ.