ಸ್ತ್ರೀಪಾತ್ರವನ್ನು ಯಾರು ಮಾಡಬೇಕು?

ಕಳೆದ ಭಾನುವಾರ ವಾಚನಾಲಯದ ಬಾಗಿಲು ತೆರೆಯುವ ಮೊದಲೇ ಬಾಗಲಕೋಟೆಯ ಕಡೆಯ ಒಬ್ಬ ತರುಣ ಸದಸ್ಯರು ಮೆಟ್ಟಿಲ ಮೇಲೆ ಕಾಯುತ್ತ ಕುಳಿತಿದ್ದರು. ಭೋಸರಿಯ ಒಂದು ಕಾರಖಾನೆಯಲ್ಲಿ ದುಡಿಯುವ ಇವರಿಗೆ, ರಾಜ್ಯೋತ್ಸವದ ದಿನ ನಾವು ಆಡಬೇಕೆಂದಿರುವ ‘ಕೀಚಕ ವಧೆ’ಯ ಕಿರುನಾಟಕದಲ್ಲಿ ಸೈರಂಧ್ರಿಯ ಪಾತ್ರವನ್ನು ಕೊಟ್ಟಿದ್ದೆವು. ಕೈಯಲ್ಲಿದ್ದ ನಾಟಕದ ಪ್ರತಿಯನ್ನು ನಮ್ಮ ಮೇಜಿನ ಮೇಲಿಟ್ಟು, “ಈ ಪಾರ್ಟು ನನ್ನ ಕೈಲೆ ಆಗೂದಿಲ್ರಿ ಸರ್. ಖೋಲಿಯೊಳಗ ಎಲ್ಲಾರೂ ನಗಾಕತ್ತಾರ್ರಿ,” ಎಂದರು.

ಈ ನಗುವಿನಲ್ಲಿ ಒಂದು ವಿಚಿತ್ರವಿದೆ. ಅದೇ ಖೋಲಿಯಲ್ಲಿರುವ ಇನ್ನೊಬ್ಬರು ನಮ್ಮ ಭೀಮಸೇನ. ಕೊನೆಯ ಪ್ರವೇಶದಲ್ಲಿ ಅವರೂ ಸೀರೆಯುಟ್ಟು, ಮುಸುಕು ಹೊದ್ದು, ಕತ್ತಲೆಯಲ್ಲಿ ಕೀಚಕನಿಗಾಗಿ ಕಾಯತಕ್ಕವರು. ಅವರನ್ನು ಯಾರೂ ಹಾಸ್ಯ ಮಾಡುವುದಿಲ್ಲ. ಸೀರೆಯೊಳಗೆ ಮೀಸೆಯಿದೆಯೆಂದು ಎಲ್ಲರಿಗೂ ಗೊತ್ತು. ಇನ್ನೂ ಮುಂದೆ ಕೇಳಿರಿ. ರಾತ್ರಿ ಪಾಳಿಯಿಂದ ಬಂದ ಮೇಲೆ ಮೊಬೈಲಿನಲ್ಲಿ ಕತ್ತಿ ಬಂದೂಕಗಳ ಆಟವಾಡುವ ನಗೆಗಾರರ ಪೈಕಿ ಇಬ್ಬರು, ಆಟದೊಳಗೆ ತಮ್ಮ ವೇಷಕ್ಕೆ ಹೆಣ್ಣಿನ ರೂಪವನ್ನೇ ಆರಿಸಿಕೊಂಡಿದ್ದಾರೆ! ಆ ಹೆಣ್ಣಿಗೆ ಹೊಸ ಅಂಗಿ, ಹೊಸ ಜಡೆ ಕೊಡಿಸುವುದಕ್ಕೆ ಪಗಾರದಲ್ಲಿ ನೂರಿನ್ನೂರು ರೂಪಾಯಿ ಸಹ ಕಳೆದಿದ್ದಾರೆಂದು ಕೇಳಿದೆವು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ತೋರಿತು.

ಜಂಗಲಿ ಮಹಾರಾಜ ರಸ್ತೆಯ ಬಸ್ಸಿನಲ್ಲಿ ಹೋಗುವಾಗ ಬಾಲಗಂಧರ್ವ ರಂಗಮಂದಿರವನ್ನು ನಮ್ಮಲ್ಲಿ ನೋಡದವರಿಲ್ಲ. ಹೊಸದಾಗಿ ಬಂದವರು ಅದನ್ನು ಯಾವುದೋ ದೇವತೆಯ ಹೆಸರೆಂದು ತಿಳಿಯುವುದುಂಟು. ಅದು ಹೆಣ್ಣಿನ ಪಾತ್ರಗಳಿಂದ ಹೆಸರು ಗಳಿಸಿದ ಒಬ್ಬ ಗಂಡಸಿನ ಹೆಸರು. ನಾರಾಯಣ ಶ್ರೀಪಾದ ರಾಜಹಂಸ ಎಂಬ ಇವರು 1888ರಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗ ಇವರ ಹಾಡು ಕೇಳಿದ ಲೋಕಮಾನ್ಯ ತಿಲಕರು ‘ಬಾಲಗಂಧರ್ವ’ ಎಂದು ಕರೆದರೆಂದೂ, ಆ ಹೆಸರೇ ನಿಂತಿತೆಂದೂ ಪ್ರಸಿದ್ಧಿ. 1911ರ ‘ಮಾನಾಪಮಾನ’ದಲ್ಲಿ ಭಾಮಿನಿ, 1916ರ ‘ಸ್ವಯಂವರ’ದಲ್ಲಿ ರುಕ್ಮಿಣಿ, 1919ರ ‘ಏಕಚ ಪ್ಯಾಲಾ’ದಲ್ಲಿ ಕುಡುಕನ ಹೆಂಡತಿ ಸಿಂಧು, ಹೀಗೆ ಮರಾಠಿ ರಂಗಭೂಮಿಯ ದೊಡ್ಡ ನಾಯಕಿಯರೆಲ್ಲ ಇವರೇ. ಇವರು ಸೀರೆ ಉಡುವ ರೀತಿಯನ್ನೂ ಹೂ ಮುಡಿಯುವ ರೀತಿಯನ್ನೂ ನೋಡಿ ಮನೆತನಸ್ಥ ಹೆಂಗಸರು ಅನುಕರಿಸುತ್ತಿದ್ದರು. ‘ಮಾನಾಪಮಾನ’ದ ಮೊದಲ ಪ್ರಯೋಗದ ದಿನವೇ ಇವರ ಎಳೆಯ ಮಗಳು ತೀರಿಕೊಂಡಳು. ಟಿಕೀಟು ಕೊಂಡು ಬಂದವರನ್ನು ತಿರುಗಿ ಕಳಿಸಬಾರದೆಂದು ಇವರು ಬಣ್ಣ ಹಚ್ಚಿಕೊಂಡು ಭಾಮಿನಿಯಾಗಿ ನಿಂತರು. ಇದನ್ನು ಓದಿದ ಮೇಲೆ ಸ್ತ್ರೀಪಾತ್ರವೆಂದರೆ ಹುಡುಗಾಟವೆಂದು ಹೇಳುವ ಧೈರ್ಯ ನಮಗಂತೂ ಬಾರದು.

ಈ ಪದ್ಧತಿಗೂ ನಮ್ಮ ನಾಡಿಗೂ ಹತ್ತಿರದ ನಂಟಿದೆ. ಕರ್ನಾಟಕದಿಂದ ಬಂದ ಭಾಗವತರ ಆಟವನ್ನು ನೋಡಿ ಮೆಚ್ಚಿದ ಸಾಂಗಲಿಯ ಅರಸರು, ಅಂಥದೊಂದನ್ನು ಮರಾಠಿಯಲ್ಲಿ ಕಟ್ಟೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾಸ್ವಯಂವರ’ ರಂಗಕ್ಕೆ ಬಂದುದು ಹೀಗೆ. 1880ರಲ್ಲಿ ಇದೇ ಪುಣೆಯಲ್ಲಿ ‘ಶಾಕುಂತಲ’ವನ್ನಾಡಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬಾಲಗಂಧರ್ವರು ಮೊದಲು ಸೇರಿದ್ದು ಕಿರ್ಲೋಸ್ಕರರ ಹೆಸರಿನ ಮಂಡಳಿಯನ್ನೇ. ಅದನ್ನು ಬಿಟ್ಟು 1913ರಲ್ಲಿ ತಮ್ಮದೇ ಗಂಧರ್ವ ನಾಟಕ ಮಂಡಳಿ ಕಟ್ಟಿದರು.

ಗಂಡಸರೇ ಏಕೆ ಮಾಡಬೇಕಾಯಿತು? ಕಲೆಗಾಗಿ ಎಂದು ಹೇಳಿದರೆ ಅರ್ಧ ಸತ್ಯ. ಮರ್ಯಾದಸ್ಥರ ಮನೆಯ ಹೆಣ್ಣು ನಾಲ್ಕು ಜನರ ಮುಂದೆ ಬಣ್ಣ ಹಚ್ಚಿ ನಿಲ್ಲಬಾರದೆಂಬ ಕಟ್ಟು ಇದ್ದುದರಿಂದ ಬೇರೆ ದಾರಿಯಿರಲಿಲ್ಲ. 1913ರಲ್ಲಿ ದಾದಾಸಾಹೇಬ ಫಾಳಕೆಯವರು ‘ರಾಜಾ ಹರಿಶ್ಚಂದ್ರ’ ಚಲಚ್ಚಿತ್ರ ತೆಗೆದಾಗ ತಾರಾಮತಿಯ ಪಾತ್ರಕ್ಕೆ ಯಾವ ಹೆಣ್ಣೂ ಒಪ್ಪಲಿಲ್ಲ. ಕೊನೆಗೆ ಒಂದು ಉಪಾಹಾರಗೃಹದಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ತರುಣನನ್ನು ಕರೆತಂದು ತಾರಾಮತಿಯನ್ನಾಗಿ ಮಾಡಿದರು. ಇದೇ ಸಾಳುಂಕೆ 1917ರ ‘ಲಂಕಾದಹನ’ದಲ್ಲಿ ರಾಮನೂ ಆದ, ಸೀತೆಯೂ ಆದ. ಹೋಟೇಲಿನಲ್ಲಿ ದುಡಿಯುವ ನಮ್ಮ ಸದಸ್ಯರು ಈ ಸಂಗತಿಯನ್ನು ನೆನಪಿನಲ್ಲಿಡಲಿ.

ಕೆಲಸದ ಮಾತಿಗೆ ಬರೋಣ. ಹೆಣ್ಣಿನ ಪಾತ್ರ ಕೆಡುವುದು ಬಹುಮಟ್ಟಿಗೆ ಎರಡು ತಪ್ಪುಗಳಿಂದ. ಒಂದು, ನಟನು ಸೊಂಟವನ್ನೂ ದನಿಯನ್ನೂ ಅತಿಯಾಗಿ ಬಳುಕಿಸುವುದು. ಇದು ಹೆಣ್ಣಲ್ಲ, ಹೆಣ್ಣಿನ ಅಣಕು. ಜನ ನಗುತ್ತಾರೆ, ನಗಲೇಬೇಕು. ಇನ್ನೊಂದು, ಸೀರೆ ಉಟ್ಟರೆ ಸಾಕೆಂದು ತಿಳಿಯುವುದು. ನಮ್ಮ ನಾಟಕ ಕಲಿಸುವ ಹಿರಿಯರು ತರುಣರಿಗೆ ಹೇಳುವುದಿಷ್ಟೇ: “ತಮ್ಮಾ, ನಿಮ್ಮವ್ವ ನೀರು ತುಂಬಿದ ಕೊಡ ಇಳಿಸೂದು ನೋಡೀಯೇನು? ಹೊರಗಿನವರು ಬಂದಾಗ ಸೆರಗು ಎಲ್ಲಿ ಹೋಗ್ತದ, ಕಣ್ಣು ಎಲ್ಲಿ ಹೋಗ್ತದ ನೋಡೀಯೇನು? ಅದನ್ನ ಮಾಡು.” ಹೆಜ್ಜೆ ಸಣ್ಣದಾಗಬೇಕು, ಮೊಣಕೈ ಮೈಗೆ ಹತ್ತಿರವಿರಬೇಕು. ಸಿಟ್ಟು ಬಂದಾಗ ದನಿ ಏರುವ ಬದಲು ಇಳಿಯಬೇಕಾದ ಪ್ರಸಂಗ ಸೈರಂಧ್ರಿಯ ಪಾತ್ರದಲ್ಲಿ ಎರಡು ಕಡೆ ಬರುತ್ತದೆ. ಇದನ್ನೆಲ್ಲ ಮಾಡಬೇಕಾದರೆ ಮೊದಲು ಮನೆಯ ಹೆಂಗಸರನ್ನು ಕಣ್ಣಿಟ್ಟು ನೋಡಿರಬೇಕು. ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಊರು ಬಿಟ್ಟು ಬಂದು ಹತ್ತು ವರ್ಷವಾದ ಮೇಲೆ, ತಾಯಿ ಯಾವ ಕೈಯಿಂದ ಸೆರಗು ಸರಿಪಡಿಸುತ್ತಿದ್ದಳೆಂದು ನೆನೆಸಿಕೊಳ್ಳಲು ಹೋಗಿ ನಮಗೇ ನೆನಪಾಗಲಿಲ್ಲ.

ಯಕ್ಷಗಾನದಲ್ಲಿ ಈ ವಿದ್ಯೆ ಇಂದಿಗೂ ಜೀವಂತವಾಗಿದೆ. ಅಲ್ಲಿ ಇದಕ್ಕೆ ‘ಸ್ತ್ರೀವೇಷ’ವೆಂದೇ ಹೆಸರು, ಅದು ಒಂದು ಪ್ರತ್ಯೇಕ ವಿಭಾಗವೇ ಸರಿ. ಕಾಸರಗೋಡು ಸೀಮೆಯ ಕೋಳ್ಯೂರು ರಾಮಚಂದ್ರರಾಯರು ಇದರಿಂದಲೇ ಕೀರ್ತಿ ಪಡೆದವರು. ಮಂಟಪ ಪ್ರಭಾಕರ ಉಪಾಧ್ಯರು ಒಬ್ಬರೇ ರಂಗದ ಮೇಲೆ ನಿಂತು ನಾಯಕಿಯ ನಾನಾ ಭಾವಗಳನ್ನು ತೋರುವ ಏಕವ್ಯಕ್ತಿ ಪ್ರದರ್ಶನಗಳನ್ನು ಕೊಟ್ಟಿದ್ದಾರೆ. ರಾಕ್ಷಸನ ವೇಷಕ್ಕಿರುವ ಬಣ್ಣದ ಅಬ್ಬರ ಇದಕ್ಕಿಲ್ಲವಾದುದರಿಂದ ನಟನಿಗೆ ಮರೆಯಾಗಲು ಸ್ಥಳವಿಲ್ಲ.

ಇನ್ನು ತಿರುವುಮುರುವಿನ ಮಾತು. ಹೆಣ್ಣು ಗಂಡಿನ ಪಾತ್ರ ಮಾಡಿದ್ದಿಲ್ಲವೆ? ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀಯರದೇ ಒಂದು ನಾಟಕ ಮಂಡಳಿ ಕಟ್ಟಿ, ಕಂಸ ರಾವಣಾದಿಗಳ ಪಾತ್ರಗಳನ್ನು ತಾವೇ ಮಾಡಿದರು; 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, ಅದೇ ವರ್ಷ ತೀರಿಕೊಂಡರು. ಮೀಸೆ ತಿರುವಿ ಗದೆ ಎತ್ತಿದ ಆ ತಾಯಿಯನ್ನು ನೋಡಿ ನಮ್ಮ ಜನ ಭಲೇ ಎಂದರು. ಗಂಡಿನ ವೇಷ ತೊಟ್ಟ ಹೆಣ್ಣು ಮೇಲೇರಿದಳೆಂದೂ ಹೆಣ್ಣಿನ ವೇಷ ತೊಟ್ಟ ಗಂಡು ಕೆಳಗಿಳಿದನೆಂದೂ ನಾವು ತಿಳಿಯುತ್ತೇವೆ. ಖೋಲಿಯ ನಗುವಿನ ಬೇರು ಇಲ್ಲಿದೆ. ಆ ತರುಣರನ್ನು ಅಣಕಿಸಿದ್ದು ಮೇಲ್ನೋಟಕ್ಕೆ ಮಾತ್ರ. ಕೀಳೆಂದು ಎಣಿಸಿದ್ದು ಹೆಣ್ಣುತನವನ್ನು.

ಮೊಬೈಲ್ ಆಟದ ಸಂಗತಿಯನ್ನು ಆಡುವವರಿಂದಲೇ ಕೇಳಿ ತಿಳಿದೆವು. ಆಟ ಶುರುವಾಗುವಾಗ ಗಂಡೋ ಹೆಣ್ಣೋ ಒಂದು ರೂಪವನ್ನು ಆರಿಸಿಕೊಳ್ಳಬೇಕು. ಮೈಬಣ್ಣ, ಕೂದಲು, ಉಡುಪುಗಳನ್ನು ನಮ್ಮಿಚ್ಛೆಯಂತೆ ಮಾಡಿಕೊಳ್ಳಬಹುದು. ಹೆಣ್ಣನ್ನೇಕೆ ಆರಿಸಿದಿರೆಂದರೆ ಒಬ್ಬರು, “ತಾಸುಗಟ್ಟಲೆ ಅದರ ಬೆನ್ನೇ ಕಾಣೂದ್ರಿ, ನೋಡಾಕ ಚಂದ ಇರ್ಲಿ ಅಂತ,” ಎಂದು ನಕ್ಕರು. ಇನ್ನೊಬ್ಬರ ಉತ್ತರ ಬೇರೆ. ದೂರದೂರದ ಅಪರಿಚಿತರು ಕೂಡಿ ಆಡುವ ಆಟದಲ್ಲಿ ಇವರನ್ನು ನಿಜವಾಗಿಯೂ ಹುಡುಗಿಯೆಂದು ತಿಳಿದ ಕೆಲವರು ಬೇಡದ ಮಾತು ಬರೆದು ಕಾಡಿದರಂತೆ. “ನಮ್ಮ ತಂಗಿ ಬಸ್ಸಿನ್ಯಾಗ ಹೋಗಾಕ ಯಾಕ ಒಲ್ಲೆ ಅಂತಿದ್ಲು ಅಂತ ಆವತ್ತ ತಿಳೀತ್ರಿ,” ಎಂದರು. ಇದೇ ಕಾಟಕ್ಕೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಆಟದಲ್ಲಿ ಗಂಡಿನ ರೂಪ ತಳೆಯುವರು. ಆಟದಲ್ಲಿ ವೇಷ ಬದಲಿಸಲು ಹೆಬ್ಬೆರಳು ಸಾಕು, ರಂಗದ ಮೇಲೆ ಇಡೀ ಮೈ ಬದಲಾಗಬೇಕು. ಸುಲಭದ್ದಕ್ಕೆ ನಾಚಿಕೆಯಿಲ್ಲ, ಕಷ್ಟದ್ದಕ್ಕೆ ನಾಚಿಕೆ! ಇದು ಯಾವ ನ್ಯಾಯವೋ ತಿಳಿಯದು.

ಬಾಲಗಂಧರ್ವರ ಕಥೆಯ ಕೊನೆಯ ಭಾಗವನ್ನು ಮರೆಮಾಚಬಾರದು. ಉಡುಪು, ಅತ್ತರು, ರಂಗಸಜ್ಜಿಕೆಗಳ ಮೇಲೆ ಕೈ ಬಿಚ್ಚಿ ಸುರಿದು ಕಂಪನಿ ಸಾಲದಲ್ಲಿ ಮುಳುಗಿತು. ವಯಸ್ಸಾಗಿ ಮೈ ಬೆಳೆದ ಮೇಲೂ ನಾಯಕಿಯ ಪಾತ್ರ ಬಿಡಲಿಲ್ಲ. 1938ರಲ್ಲಿ ಬಿಜಾಪುರ ಸೀಮೆಯ ಗೋಹರ್‌ಬಾಯಿ ಕರ್ನಾಟಕಿ ಅವರ ಕಂಪನಿಗೆ ಬಂದು ನಾಯಕಿಯಾದರು. ಬಾಲಗಂಧರ್ವರ ಗಾಯನದ ರೀತಿಯನ್ನು ಕೇಳಿ ಕೇಳಿಯೇ ಕಲಿತವರು ಈ ಕನ್ನಡತಿ. ಹೆಣ್ಣೊಬ್ಬಳು ರಂಗದ ಹೆಣ್ಣಿನ ದನಿಯನ್ನು ಗಂಡಸಿನಿಂದ ಕಲಿತು, ಅವನ ಜಾಗದಲ್ಲಿ ನಿಂತಳು. ಬಾಲಗಂಧರ್ವರು 1962ರಲ್ಲಿ ತಮ್ಮ ಹೆಸರಿನ ರಂಗಮಂದಿರಕ್ಕೆ ತಾವೇ ಅಡಿಗಲ್ಲಿಟ್ಟರು. ಅದು 1968ರಲ್ಲಿ ತೆರೆಯುವ ಹೊತ್ತಿಗೆ ಅವರಿರಲಿಲ್ಲ. ಹಿಂದಿನ ವರ್ಷವೇ ಪುಣೆಯಲ್ಲಿ ಕಣ್ಣು ಮುಚ್ಚಿದ್ದರು.

ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಸೈರಂಧ್ರಿಗೆ ಹೆಣ್ಣುಮಕ್ಕಳು ಸಿಗಲಿಲ್ಲವೆಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ನಿಜವಾಗಿ ನೋಡಿದರೆ ನಾವು ಯಾರನ್ನೂ ಕೇಳಿರಲೇ ಇಲ್ಲ. ತಾಲೀಮನ್ನು ರಾತ್ರಿ ಒಂಬತ್ತಕ್ಕೆ ಇಟ್ಟು, ಕೊನೆಯ ಬಸ್ಸು ತಪ್ಪುವ ಹೊತ್ತಿಗೆ ಯಾರ ಮನೆಯ ಹೆಣ್ಣುಮಕ್ಕಳು ಬಂದಾರು? ಇನ್ನು ಮೇಲೆ ತಾಲೀಮು ಭಾನುವಾರ ಮಧ್ಯಾಹ್ನ ಮೂರಕ್ಕೆ. ನಾಟಕದಲ್ಲಿ ಸುದೇಷ್ಣೆಯ ಪಾತ್ರ ಇನ್ನೂ ಖಾಲಿಯಿದೆ. ಇಷ್ಟವಿದ್ದ ಸೋದರಿಯರು ಬರಬೇಕು. ಸುದೇಷ್ಣೆ ಬೇಡ, ಕೀಚಕನೇ ಬೇಕೆಂದರೆ ಅದನ್ನೂ ಯೋಚಿಸೋಣ; ಈಗಿನ ನಮ್ಮ ಕೀಚಕರಿಗೆ ಇನ್ನೂ ಮಾತು ಬಾಯಿಗೆ ಬಂದಿಲ್ಲ.

ಆ ತರುಣರಿಗೆ ಒತ್ತಾಯ ಮಾಡಲಿಲ್ಲ. ಇದರಲ್ಲಿ ಬರೆದುದನ್ನೇ ಹೇಳಿ, ಪ್ರತಿಯನ್ನು ಮತ್ತೆ ಅವರ ಕೈಗೆ ಕೊಟ್ಟೆವು. ಗುರುವಾರ ತಿಳಿಸುವೆನೆಂದು ಹೇಳಿ ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, ಸೀರೆ ಯಾರದೆಂದು ಕೇಳಿದರು. ಸಂಘದಲ್ಲಿ ಸೀರೆಯಿಲ್ಲ. ಒಂದು ಇಳಕಲ್ ಸೀರೆಯನ್ನು ನಾಟಕದ ದಿನದ ಮಟ್ಟಿಗೆ ಕೊಡಬಲ್ಲ ಸದಸ್ಯರು ಸಂಜೆ ಆರರಿಂದ ಎಂಟರವರೆಗೆ ವಾಚನಾಲಯದಲ್ಲಿ ನಮ್ಮನ್ನು ಕಾಣಬೇಕು. ಒಗೆಸಿ, ಮಡಿಕೆ ಕೆಡದಂತೆ ಹಿಂದಿರುಗಿಸುವ ಹೊಣೆ ನಮ್ಮದು.