ಮೂರು ತಲೆಮಾರಾದರೂ 'ಹೊಸಬರು': ಬೈಲಕುಪ್ಪೆ ಕ್ಯಾಂಪಿನ ಸಂಗತಿ

ಮೈಸೂರಿನಿಂದ ಮಡಿಕೇರಿ ಕಡೆ ಹೊರಟ ಬಸ್ಸು. ಪಿರಿಯಾಪಟ್ಟಣದಲ್ಲಿ ಹತ್ತಿದ ಮುದುಕರೊಬ್ಬರು ಒಂದು ಕೈಯಲ್ಲಿ ಜಪಮಣಿ, ಇನ್ನೊಂದು ಕೈಯಲ್ಲಿ ದೊಡ್ಡ ನೋಟು ಹಿಡಿದು, "ಕೊಪ್ಪ ಒಂದ್ ಕೊಡಪ್ಪ, ಚಿಲ್ರೆ ಇಲ್ಲ, ಬೇಜಾರ್ ಮಾಡ್ಕೋಬೇಡ" ಅನ್ನುತ್ತಾರೆ. ಹೊಸದಾಗಿ ಈ ದಾರಿ ಹಿಡಿದವರು ತಿರುಗಿ ನೋಡುತ್ತಾರೆ. ಮುಖ ನೋಡಿದರೆ ಹಿಮಾಲಯದಾಚೆ, ಮಾತು ಕೇಳಿದರೆ ಅಪ್ಪಟ ಪಿರಿಯಾಪಟ್ಟಣ! ಕಂಡಕ್ಟರ್ ಮಾತ್ರ ತಲೆಯೆತ್ತುವುದಿಲ್ಲ. ಚಿಲ್ಲರೆ ಇಲ್ಲದ ಪ್ರಯಾಣಿಕ ಯಾವ ದೇಶದವನಾದರೇನು, ಆತನಿಗೆ ತಲೆನೋವು ಒಂದೇ.

ಈ ಸಲಿಗೆ ಸುಮ್ಮನೆ ಬಂದದ್ದಲ್ಲ. 1959ರ ಮಾರ್ಚ್‌ನಲ್ಲಿ ದಲೈಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಬೆನ್ನಿಗೇ ಸಾವಿರಾರು ಜನ ಹಿಮ ದಾಟಿ ಬಂದರು. ಎಷ್ಟೋ ಮಂದಿ ಮೊದಲು ಅಸ್ಸಾಮಿನ ಮಿಸ್ಸಾಮಾರಿ ಶಿಬಿರದಲ್ಲಿದ್ದು, ಆಮೇಲೆ ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದರು. ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿಕೊಂಡಾಗ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆ ಬಳಿ ಸುಮಾರು 3,000 ಎಕರೆ ಕಾಡುಭೂಮಿ ಬಿಟ್ಟುಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು.

ಜಾಗವೇನೋ ಸಿಕ್ಕಿತು. ಆದರೆ ಎಂಥಾ ಜಾಗ? ಲ್ಹಾಸಾ ಇರುವುದೇ 11,000 ಅಡಿಗೂ ಮೇಲೆ. ಬೈಲಕುಪ್ಪೆ ಅದರ ಕಾಲು ಭಾಗದಷ್ಟೂ ಎತ್ತರವಿಲ್ಲ. ಉಣ್ಣೆಯ ನಿಲುವಂಗಿ ತೊಟ್ಟು ಬಂದವರಿಗೆ ನಮ್ಮ ಬಿಸಿಲು ಹೇಗಿದ್ದೀತು, ಊಹಿಸಿಕೊಳ್ಳಿ. ಮನೆ ಎಂದರೆ ಗುಡಾರ, ಬಿದಿರಿನ ಗುಡಿಸಲು. ಹಗಲೆಲ್ಲ ಮರ ಕಡಿದು ಬೇರು ಕೀಳುವುದು. ರಾತ್ರಿಯಾದರೆ ಆನೆ ಕಾಟ. ಬೆಂಕಿ ಹಾಕಿ, ತಗಡಿನ ಡಬ್ಬ ಬಡಿಯುತ್ತಾ ಎಚ್ಚರ ಇರಬೇಕು. ಸೆಕೆಗೆ, ಜ್ವರಕ್ಕೆ, ಆನೆಗೆ ಪ್ರಾಣ ಕೊಟ್ಟವರೂ ಉಂಟು.

ಹೊಟ್ಟೆಪಾಡೂ ಬದಲಾಯಿತು. ಅಲ್ಲಿ ಬಾರ್ಲಿ ಹುರಿದು ಹಿಟ್ಟು ಮಾಡಿ, ಬೆಣ್ಣೆ ಚಹಾದಲ್ಲಿ ಕಲಸಿ ತಿನ್ನುತ್ತಿದ್ದರು. ಇಲ್ಲಿ ಬಾರ್ಲಿ ಎಲ್ಲಿಂದ ಬರಬೇಕು? ನೆಲ ಒಪ್ಪಿದ್ದು ಮುಸುಕಿನ ಜೋಳವನ್ನು. ಕುರಿ, ಚಮರೀಮೃಗ ಮೇಯಿಸಿದವರು, ವ್ಯಾಪಾರ ಮಾಡಿದವರು, ಮಠದಲ್ಲಿ ಓದಿಕೊಂಡಿದ್ದವರು, ಎಲ್ಲರೂ ತಲೆಗೆ ಸುಮಾರು ಒಂದು ಎಕರೆಯಂತೆ ಭೂಮಿ ಪಡೆದು ನಮ್ಮ ಮುಂಗಾರು ಮಳೆಯ ಲೆಕ್ಕ ಕಲಿಯಬೇಕಾಯಿತು. ಬೆಳೆ ಮಾರಲು, ಟ್ರಾಕ್ಟರ್ ಒದಗಿಸಲು ಸಹಕಾರ ಸಂಘ ಕಟ್ಟಿಕೊಂಡರು. ಇಂದು ಊರೂರಲ್ಲಿ ಹೆಸರು ಮಾಡಿರುವ 'ಮೈರಾಡ' ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟಿನವರ ಪುನರ್ವಸತಿಗಾಗಿ ಎಂಬುದು ಎಷ್ಟು ಜನಕ್ಕೆ ಗೊತ್ತು?

ಇನ್ನು ಭಾಷೆ. ಗದ್ದೆ ಕೆಲಸ ಕೈಯಿಂದ ಆದೀತು, ಸಂತೆ ಬಾಯಿಂದಲೇ ಆಗಬೇಕು. ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ ಎಲ್ಲವನ್ನೂ ಬೆರಳು ತೋರಿಸಿ ಕೊಳ್ಳುವ ಕಾಲ ಅದು. ಟಿಬೆಟಿನ ಹಳೇ ಪದ್ಧತಿಯಲ್ಲಿ ಹಿರಿಯರ ಮುಂದೆ ನಾಲಿಗೆ ಹೊರಚಾಚುವುದು ಗೌರವ. ನಮ್ಮಲ್ಲಿ ಹಾಗೆ ಮಾಡಿದ ಹುಡುಗನಿಗೆ ಬೀಳೋದು ಏಟು! ಮರ್ಯಾದೆ ಯಾವುದು, ಅಣಕ ಯಾವುದು ಅನ್ನುವುದನ್ನೂ ಹೊಸದಾಗಿ ಕಲಿಯಬೇಕಾದದ್ದು ಪರದೇಶಿಯ ಪಾಡು. ಸೇರು, ಪಾವು ಕಲಿತರು, "ಏನ್ ರೇಟು?" ಕಲಿತರು, "ಜಾಸ್ತಿ ಆಯ್ತು" ಅನ್ನೋದನ್ನೂ ಕಲಿತರು. ಅಂಗಡಿಯವರೂ ಏನು ಕಮ್ಮಿ, ಕುಶಾಲನಗರದಲ್ಲಿ ನಾಲ್ಕು ಟಿಬೆಟನ್ ಮಾತು ಬಲ್ಲ ವ್ಯಾಪಾರಿಗಳು ಸಿಗುತ್ತಾರೆ.

ಪರಊರಿನವನು ಊರಿನವನಾಗುವುದು ಯಾವಾಗ? ಸರ್ಕಾರದ ಕಡತ ಕೇಳಿದರೆ ಒಂದು ಉತ್ತರ, ಅಂಗಡಿ ಗಲ್ಲಾ ಕೇಳಿದರೆ ಇನ್ನೊಂದು. ಸಾಲದ ಪುಸ್ತಕದಲ್ಲಿ ಹೆಸರು ಬಿತ್ತೋ, ಅಂದಿಗೆ ಆತ ಊರಿನವನು. ಆದರೆ ಹೆಸರಿನದೇ ಫಜೀತಿ. ದಲೈಲಾಮಾ ತಾವು ಹೆಸರಿಡುವ ಮಕ್ಕಳಿಗೆ ತಮ್ಮ 'ಟೆನ್‌ಜಿನ್' ಎಂಬ ಹೆಸರನ್ನೇ ಮುಂದೆ ಸೇರಿಸುತ್ತಾರೆ. ಹಾಗಾಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ಸಾಲುಸಾಲು ಟೆನ್‌ಜಿನ್. ಗಂಡಿಗೂ ಅದೇ, ಹೆಣ್ಣಿಗೂ ಅದೇ. ಬಾಕಿ ಬರಕೊಳ್ಳುವ ಸೆಟ್ಟರು ಏನು ಮಾಡಬೇಕು? 'ಒಂದನೇ ಕ್ಯಾಂಪ್ ಟೆನ್‌ಜಿನ್', 'ನಾಲ್ಕನೇ ಕ್ಯಾಂಪ್ ಟೆನ್‌ಜಿನ್' ಎಂದು ಗುರುತು ಹಾಕಿಕೊಳ್ಳಬೇಕು, ಅಷ್ಟೆ. ಊರುಗಳಿಗೆ ಅವರದೇ ಚೆಂದದ ಹೆಸರುಗಳಿವೆ. ಆದರೆ ಸುತ್ತಮುತ್ತ ನಡೆಯುವುದು ಇವತ್ತಿಗೂ 'ಕ್ಯಾಂಪ್' ಎಂಬ ಮಾತೇ.

ಜಮೀನು ಅಷ್ಟೇ ಇತ್ತು, ಮಕ್ಕಳು ಹೆಚ್ಚಾದರು. 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೇ ವಸಾಹತು ಬಂತು. ಅದಕ್ಕೆ ಮೊದಲೇ 1966ರಲ್ಲಿ ಮುಂಡಗೋಡು. ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಒಂದು ಎಕರೆ ಜೋಳ ಸಂಸಾರಕ್ಕೆ ಸಾಲದೆ ಹೋದಾಗ ಹಿಡಿದದ್ದು ಸ್ವೆಟರ್ ವ್ಯಾಪಾರ. ಸುಗ್ಗಿ ಮುಗಿದ ಮೇಲೆ ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಸಾಲದ ಮೇಲೆ ಮಾಲು ಎತ್ತುವುದು, ಚಳಿಗಾಲ ಪೂರ್ತಿ ದೊಡ್ಡ ಊರುಗಳ ಫುಟ್‌ಪಾತಿನಲ್ಲಿ ಮಾರುವುದು, ಸೀಸನ್ ಮುಗಿದ ಕೂಡಲೇ ಬಾಕಿ ತೀರಿಸುವುದು. ಬಿಸಿಲಿಗೆ ಬೆಂದವರು ಉಣ್ಣೆಯಿಂದಲೇ ಬದುಕಿಕೊಂಡರು ನೋಡಿ!

1999ರಲ್ಲಿ ಸ್ವರ್ಣಮಂದಿರ ತೆರೆದ ಮೇಲಂತೂ ಕೊಪ್ಪ ಗೇಟಿನ ಚಿತ್ರವೇ ಬೇರೆಯಾಯಿತು. ಪ್ರವಾಸಿಗಳ ವ್ಯಾನು, ಆಟೋ ಸಾಲು, ಮೊಮೊ ಹೋಟೆಲು. ಹತ್ತಿರದ ಹಳ್ಳಿಗಳ ಎಷ್ಟೋ ಜನ ಕ್ಯಾಂಪಿನ ಹೊಲಗಳಲ್ಲಿ, ಮಠಗಳಲ್ಲಿ ಕೂಲಿ ಮಾಡುತ್ತಾರೆ. ಆಸರೆ ಕೇಳಿ ಬಂದವರು ಕೆಲಸ ಕೊಡುವವರಾದರು. ಇದರಿಂದ ಸ್ವಲ್ಪ ಅಸೂಯೆಯೂ ಇಲ್ಲದಿಲ್ಲ, ಅದನ್ನೂ ಹೇಳಬೇಕಾದ್ದೇ.

ಇಷ್ಟೆಲ್ಲ ಆದರೂ ಕಾಗದದ ಮೇಲೆ? ಕಾಗದದ ಮೇಲೆ ಹೆಚ್ಚಿನವರು ಇನ್ನೂ ವಿದೇಶೀಯರೇ. ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಹುಟ್ಟಿದವರಿಗೂ ನೋಂದಣಿ ಪತ್ರ ಬೇಕು. ಅದನ್ನು ಮೊದಲು ವರ್ಷ ವರ್ಷ, ಈಚೆಗೆ ಬಹುಮಂದಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲು ಹಳದಿ ರಟ್ಟಿನ ಒಂದು ಪುಸ್ತಕ.

ಕಾನೂನು ಏನನ್ನುತ್ತೆ? 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಟಿಬೆಟಿನವರಿಗೂ ಇದು ಅನ್ವಯ ಎಂದು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿದವು. ಸರಿ, ಪಾಸ್‌ಪೋರ್ಟ್ ಕೊಡೋಣ ಎಂದಿತು ಕೇಂದ್ರ. ಆದರೆ 2017ರಲ್ಲಿ ಅದಕ್ಕೊಂದು ಷರತ್ತಿನ ಬಾಲ ಅಂಟಿಕೊಂಡಿತು: ನೋಂದಣಿ ಪತ್ರ ಒಪ್ಪಿಸಿ, ನಿರಾಶ್ರಿತರ ಸವಲತ್ತು ಬಿಡಿ, ವಸಾಹತಿನ ವಾಸವನ್ನೂ ಬಿಡಿ. ದೇಶದವನಾಗಬೇಕಾದರೆ ಅಪ್ಪ ಕಾಡು ಕಡಿದು ಕಟ್ಟಿದ ಮನೆಯಿಂದ ಹೊರಗೆ ನಡೆಯಬೇಕು! ಆಫೀಸಿನಲ್ಲಿ ಕೂತು ಬರೆದವರಿಗೆ ಇದು ಎರಡು ಸಾಲಿನ ನಿಬಂಧನೆ. ಕ್ಯಾಂಪಿನ ಸಂಸಾರಕ್ಕೆ ಅದು ಮನೆ, ಹೊಲ, ಪಕ್ಕದ ಮನೆಯ ಹಿರಿಯರು. ಬೇಡ, ಹೀಗೇ ಇರೋಣ ಎಂದವರೂ ಇದ್ದಾರೆ. ಅವರವರ ಸಂಸಾರದ ಲೆಕ್ಕ ಅವರಿಗೆ.

ಹುಡುಗರ ಲೆಕ್ಕ ಬೇರೆ. ನರ್ಸಿಂಗ್, ಕಂಪ್ಯೂಟರ್ ಓದಿದವರು ಬೆಂಗಳೂರು ದಾಟಿ ಅಮೆರಿಕ, ಕೆನಡಾ, ಫ್ರಾನ್ಸ್ ಕಡೆ ಮುಖ ಮಾಡಿದ್ದಾರೆ. ಟೊರಾಂಟೊದ ಪಾರ್ಕ್‌ಡೇಲ್ ಬೀದಿಗಳಲ್ಲಿ ಈಗ ಮೊಮೊ ಅಂಗಡಿಗಳು. ಬೈಲಕುಪ್ಪೆಯ ಬಿಸಿಲಲ್ಲಿ ಬೆಳೆದವರು ಅಲ್ಲಿನ ಹಿಮದಲ್ಲಿ ಬಸ್ಸಿಗೆ ಕಾಯುತ್ತಾ, ಚಿಲ್ಲರೆಯ ಹೆಸರು, ಬೀದಿಯ ಹೆಸರು ಮೊದಲಿನಿಂದ ಕಲಿಯುತ್ತಿದ್ದಾರೆ. ಇಲ್ಲಿ ಹಲವು ಮನೆಗಳಲ್ಲಿ ಉಳಿದವರು ವಯಸ್ಸಾದವರೇ. ಹೊಲ ಗುತ್ತಿಗೆಗೆ ಹೋಗಿದೆ.

ಕೊಪ್ಪ ಬಂತು. "ಗೋಲ್ಡನ್ ಟೆಂಪಲ್, ಯಾರ್ರೀ ಇಳಿಯೋರು?" ಎಂದು ಕಂಡಕ್ಟರ್ ಕೂಗುತ್ತಾನೆ. ಬ್ಯಾಗು ಹೊತ್ತ ಪ್ರವಾಸಿಗಳು ದಡಬಡ ಇಳಿಯುತ್ತಾರೆ. ಮುದುಕರು ಸೀಟಿನ ಕಂಬಿ ಹಿಡಿದು ನಿಧಾನ ಎದ್ದು, ಬಾಗಿಲ ಬಳಿ ನಿಂತು ಕೈ ಚಾಚುತ್ತಾರೆ: "ನನ್ ಬಾಕಿ ಚಿಲ್ರೆ ಕೊಡಪ್ಪ, ಮರ್ತ್‌ಬಿಟ್ಟೆ."