ಕರೆಂಟು ಹೋದ ಮೂರು ದಿನ, ಹುಳಿ ಬಂದ ಬಿಯರು



ಕಳೆದ ವರ್ಷ ಅಕ್ಕನ ಮಗನ ಒತ್ತಾಯಕ್ಕೆ ಎಂಟು ದಿನ ಟೋಕಿಯೋಗೆ ಹೋಗಿ ಬಂದೆವು. ಒಂದು ಸಂಜೆ ಸಣ್ಣ ಹೋಟೆಲೊಂದರಲ್ಲಿ ಅವನು ನಮ್ಮ ಮುಂದೆ ಬಿಯರ್ ಬಾಟಲಿ ಇಟ್ಟ. ಲೇಬಲ್ ಮೇಲೆ ಗೂಬೆಯ ಚಿತ್ರ! "ಊಟದ ಮೇಜಿನ ಮೇಲೆ ಗೂಬೆ ಕೂರಿಸಿದ್ದೀಯಲ್ಲೋ" ಎಂದೆವು. "ಮಾವ, ಇಲ್ಲಿ ಗೂಬೆ ಶುಭ" ಎಂದು ನಕ್ಕ.

ಗ್ಲಾಸಿಗೆ ಬಗ್ಗಿಸಿದರೆ ನಮ್ಮ ಪರ್ಮಿಟ್ ರೂಮಿನ ಬಿಯರಿನಂತೆ ತಿಳಿಯಾಗಿರಲಿಲ್ಲ, ಮಸುಕಾಗಿತ್ತು. ಮೂಗಿನ ಹತ್ತಿರ ತಂದೆವು. ಕೊತ್ತಂಬರಿ ಬೀಜದ ವಾಸನೆ! ಮೂವತ್ತು ವರ್ಷ ಸಾಂಬಾರು ಪುಡಿ ಹುರಿಸಿದ ಮೂಗು ತಪ್ಪುವುದುಂಟೇ? ಕೇಳಿದರೆ ಗೋಧಿ, ಕೊತ್ತಂಬರಿ, ಜಾಯಿಕಾಯಿ, ಕಿತ್ತಳೆ ಸಿಪ್ಪೆ ಎಲ್ಲ ಹಾಕುತ್ತಾರಂತೆ. ಹೆಸರು ಹಿಟಾಚಿನೋ ನೆಸ್ಟ್ ವೈಟ್ ಏಲ್. ಇವರದೇ ಕೆಂಪಕ್ಕಿಯ ಬಿಯರೂ ಇದೆ. ಕುಚ್ಚಲಕ್ಕಿ ಉಂಡು ಬೆಳೆದ ನಮಗೆ ಅದನ್ನು ಕೇಳಿಯೇ ಸಂತೋಷವಾಯಿತು.

ಇದನ್ನು ಮಾಡುವವರು ಇಬಾರಾಕಿ ಪ್ರಾಂತ್ಯದ ನಾಕಾ ಊರಿನ ಕಿಯುಚಿ ಮನೆತನದವರು. 1823ರಿಂದ ಅವರದು ಅಕ್ಕಿಯಿಂದ 'ಸಾಕೆ' ಎಂಬ ಮದ್ಯ ತಯಾರಿಸುವ ಕಸುಬು. ಜಪಾನಿನಲ್ಲಿ 1994ರವರೆಗೆ ವರ್ಷಕ್ಕೆ ಕನಿಷ್ಠ 20 ಲಕ್ಷ ಲೀಟರ್ ತಯಾರಿಸುವವರಿಗೆ ಮಾತ್ರ ಬಿಯರ್ ಲೈಸೆನ್ಸ್ ಸಿಗುತ್ತಿತ್ತು. ಆ ವರ್ಷ ಸರಕಾರ ಮಿತಿಯನ್ನು 60 ಸಾವಿರ ಲೀಟರಿಗೆ ಇಳಿಸಿತು. ಸಣ್ಣವರಿಗೆ ಬಾಗಿಲು ತೆರೆಯಿತು. ಕಿಯುಚಿಯವರು 1996ರಲ್ಲಿ ಬಿಯರ್ ಶುರುಮಾಡಿದರು.

ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಅಳಿಯ ಹೇಳಿದ ಇನ್ನೊಂದು ಸಂಗತಿ.

2011ರ ಮಾರ್ಚ್ 11ರಂದು ಜಪಾನಿನಲ್ಲಿ ಮಹಾ ಭೂಕಂಪವಾಯಿತಲ್ಲ, ಆ ದಿನ ಇವರು ಬಿಯರಿಗೆ ಧಾನ್ಯ ನೆನೆಸಿ ರಸ ತೆಗೆಯುತ್ತಿದ್ದರು. ಕರೆಂಟು ಹೋಯಿತು. ಮೂರು ದಿನ ಬರಲಿಲ್ಲ. ಅಷ್ಟರಲ್ಲಿ ಅದು ತಾನಾಗಿಯೇ ಹುಳಿ ಬಂದಿತ್ತು. ಚರಂಡಿಗೆ ಚೆಲ್ಲಬಹುದಿತ್ತು. ಅವರು ಚೆಲ್ಲಲಿಲ್ಲ. ಅದರಿಂದಲೇ ಬಿಯರ್ ತಯಾರಿಸಿ 'ತ್ರೀ ಡೇಸ್', ಅಂದರೆ ಮೂರು ದಿನ, ಎಂದೇ ಹೆಸರಿಟ್ಟು ಮಾರಿದರು. ನಡೆದದ್ದನ್ನು ಮುಚ್ಚಿಡಲಿಲ್ಲ.

ಇದನ್ನು ಕೇಳಿ ನಮ್ಮ ಕೈಯಲ್ಲಿದ್ದ ಗ್ಲಾಸು ಅಲ್ಲಿಯೇ ನಿಂತಿತು. 2005ರ ಜುಲೈ 26ರ ಮುಂಬಯಿ ಮಳೆ ನೆನಪಾಯಿತು. ನಮ್ಮ ಹೋಟೆಲಿನ ನೆಲಮಹಡಿಗೆ ಸೊಂಟದವರೆಗೆ ನೀರು. ಹಿಟ್ಟಿನ ಎರಡು ಡ್ರಮ್ಮು ಅಟ್ಟದ ಮೇಲಿದ್ದವು, ಅವಕ್ಕೆ ನೀರು ತಾಗಿರಲಿಲ್ಲ. ಕರೆಂಟಿಲ್ಲದೆ ಎರಡನೇ ದಿನಕ್ಕೆ ಉಕ್ಕಿ ಹುಳಿಯಾಯಿತು. "ಧಣಿ, ಇದು ಹಾಳಾಗಿಲ್ಲ, ಹುಳಿಯಾಗಿದೆ ಅಷ್ಟೆ. ರವೆ ಸೇರಿಸಿ, ಈರುಳ್ಳಿ ಮೆಣಸಿನಕಾಯಿ ಹಾಕಿ ಉತ್ತಪ್ಪ ಹೊಯ್ಯುತ್ತೇನೆ" ಎಂದರು ಭಟ್ಟರು. ಹೋಟೆಲಿನ ಹೆಸರು ಕೆಡುತ್ತದೆಂದು ಹೆದರಿ ನಾವೇ ಚೆಲ್ಲಿಸಿದೆವು. ಹೊರಗೆ ರಸ್ತೆಯಲ್ಲಿ ಮನೆಗೆ ನೀರು ನುಗ್ಗಿ ಒಲೆ ಹಚ್ಚಲಾಗದ ಜನ ನಿಂತಿದ್ದರು. ನಮ್ಮ ಗ್ಯಾಸು ಉರಿಯುತ್ತಿತ್ತು, ಹಿಟ್ಟು ಮಾತ್ರ ಇರಲಿಲ್ಲ. ಭಟ್ಟರು ಆ ದಿನ ನಮ್ಮ ಮುಖ ನೋಡಲಿಲ್ಲ. ಈಗ ಅವರಿಲ್ಲ.

ಇಡ್ಲಿ ಹಿಟ್ಟನ್ನು ಹುಳಿ ಬರಿಸುವುದೂ ಆ ಬಿಯರನ್ನು ಹುಳಿ ಬರಿಸಿದ್ದೂ ಒಂದೇ ಬಗೆಯ ಜೀವಾಣು, ಮೊಸರಿನಲ್ಲಿ ಇರುವಂಥದು. ನೆರೆನೀರು ತಾಗಿದ್ದು, ಬಣ್ಣ ತಿರುಗಿದ್ದು, ನಾತ ಬಂದದ್ದು ಎಸೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಳಿಯಾದದ್ದು ಬೇರೆ, ಕೆಟ್ಟದ್ದು ಬೇರೆ. ಈ ವ್ಯತ್ಯಾಸ ನಮ್ಮ ಅಡುಗೆಯವರಿಗೆ ಗೊತ್ತು, ಗಲ್ಲೆಯಲ್ಲಿ ಕೂತ ನಮಗೆ ಮರೆತುಹೋಗುತ್ತದೆ.

ಕಿಯುಚಿಯವರು 2020ರಲ್ಲೂ ಇಂಥದೇ ಕೆಲಸ ಮಾಡಿದರು. ಕೊರೊನಾದಿಂದ ಗಿರಾಕಿಗಳಿಲ್ಲದೆ ಬಾರು, ಹೋಟೆಲುಗಳಲ್ಲಿ ಉಳಿದ ಬಿಯರನ್ನು ತರಿಸಿಕೊಂಡು, ಬಟ್ಟಿ ಇಳಿಸಿ ಜಿನ್ ಮಾಡಿ ಅವರಿಗೇ ಮರಳಿಸಿದರು. ಆ ವರ್ಷ ನಾವೆಲ್ಲ ಎಷ್ಟು ಸರಕು ಎಸೆದೆವೆಂದು ನೆನೆದುಕೊಳ್ಳಿ.

ನಮ್ಮಲ್ಲಿ ಅನೇಕರದು ಶುದ್ಧ ಸಸ್ಯಾಹಾರಿ ಹೋಟೆಲು, ಬಿಯರಿನ ಸಹವಾಸವೇ ಇಲ್ಲ. ಅವರಿಗೂ ಈ ಮಾತು ಸಲ್ಲುತ್ತದೆ. ಊರಿಗೆ ಮರಳಿದ ಮೇಲೆ ನಮ್ಮಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ: ಹಿಟ್ಟು ಚೆಲ್ಲುವ ಮೊದಲು ಭಟ್ಟರನ್ನು ಕೇಳಬೇಕು. ಹುಳಿ ಹೆಚ್ಚಾದ ದಿನ ಬೋರ್ಡಿನಲ್ಲಿ 'ಇಂದು ಹುಳಿ ಉತ್ತಪ್ಪ' ಎಂದೇ ಬರೆಸುತ್ತೇವೆ. ಕೇಳಿಕೊಂಡು ಬರುವ ಗಿರಾಕಿಗಳೂ ಈಗ ಇದ್ದಾರೆ.